ಶಾಲಾ ಚದುರಂಗ ಪಂದ್ಯಾವಳಿ: ಸೋತ ಮಕ್ಕಳನ್ನು ಉಳಿಸಿಕೊಳ್ಳುವುದು ಹೇಗೆ?

ಶಿಕ್ಷಕಿ, ಮಂಡ್ಯ: ನಮ್ಮ ಪ್ರಾಥಮಿಕ ಶಾಲೆಯ ಚದುರಂಗ ಕೂಟದಲ್ಲಿ 24 ಮಕ್ಕಳಿದ್ದಾರೆ. ಸೋತವರು ಹೊರಗೆ ಎಂಬ ನಿಯಮದಲ್ಲಿ ಪಂದ್ಯಾವಳಿ ನಡೆಸಿದಾಗ, ಮೊದಲ ಸುತ್ತಿನಲ್ಲೇ ಸೋತ ಮೂರನೇ ತರಗತಿಯ ಹುಡುಗಿಯೊಬ್ಬಳು ಮಂತ್ರಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಧ್ಯಾಹ್ನದವರೆಗೆ ಕುಳಿತಿದ್ದಳು. ಬೇರೆ ಕ್ರಮವಿದೆಯೇ?

ತರಬೇತುದಾರ, ಮೈಸೂರು: ಮೇಡಂ, ಸ್ವಿಸ್ ಪದ್ಧತಿಯನ್ನು ಅನುಸರಿಸಿ. ಅದರಲ್ಲಿ ಯಾರೂ ಹೊರಬೀಳುವುದಿಲ್ಲ. ಪ್ರತಿ ಸುತ್ತಿನಲ್ಲೂ ಸಮಾನ ಅಂಕ ಗಳಿಸಿದವರನ್ನು ಎದುರುಬದುರು ಕೂರಿಸಬೇಕು, ಒಮ್ಮೆ ಆಡಿದ ಜೋಡಿ ಮತ್ತೆ ಸೇರಬಾರದು. ನಿಮಗೆ 5 ಸುತ್ತು ಸಾಕು.

ಶಿಕ್ಷಕಿ: ಶನಿವಾರದ ಅರ್ಧ ದಿನದಲ್ಲಿ ಮುಗಿಯುವುದೇ ಸರ್?

ತರಬೇತುದಾರ: ಪ್ರತಿ ಆಟಗಾರರಿಗೆ 10 ನಿಮಿಷವೆಂದು ಗಡಿಯಾರವಿಟ್ಟರೆ ಖಂಡಿತ ಮುಗಿಯುತ್ತದೆ.

ಪೋಷಕರು, ಮೈಸೂರು: ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬ ನಿಯಮವನ್ನು ಮೊದಲ ದಿನದಿಂದಲೇ ರೂಢಿಸಿ, ಪುಟ್ಟ ಮಕ್ಕಳ ಜಗಳ ಹೆಚ್ಚಾಗಿ ಅಲ್ಲಿಯೇ ಹುಟ್ಟುತ್ತದೆ. ಕುದುರೆಯ ನಡೆ ಕಲಿಸುವಾಗ, ಅದು 64 ಮನೆಗಳನ್ನೂ ಒಮ್ಮೊಮ್ಮೆ ಮಾತ್ರ ಮುಟ್ಟಿ ಬರುವ ಬಂಧಗಳನ್ನು ರಚಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರ ವಿಷಯವನ್ನೂ ದಯವಿಟ್ಟು ತಿಳಿಸಿ.