ಸೀವ್ ಸ್ಕ್ರಿಪ್ಟ್ (ಮೇಲ್ ಫಿಲ್ಟರ್ ನಿಯಮಗಳ ಫೈಲ್) ಎರಡನೇ ಸರ್ವರ್‌ಗೆ ತಡವಾಗಿ ಹೋಗುತ್ತಿದೆ, ನಿಮಗೂ ಹೀಗಾಗಿತ್ತಾ?

ಪ್ರಶ್ನೆ: ಎರಡು ಡವ್‌ಕಾಟ್ 2.3 ಮೇಲ್ ಸರ್ವರ್‌ಗಳಿವೆ, ನಡುವೆ ಡಿಸಿಂಕ್ ರೆಪ್ಲಿಕೇಶನ್ (ಒಂದರ ಬದಲಾವಣೆಯನ್ನು ಇನ್ನೊಂದಕ್ಕೆ ನಕಲಿಸುವುದು). ಮೇಲ್ ಎರಡೂ ಕಡೆ ತಕ್ಷಣ ಕಾಣುತ್ತದೆ. ಆದರೆ ಯಾರಾದರೂ ಒಂದರಲ್ಲಿ ಫಿಲ್ಟರ್ ಬದಲಿಸಿದರೆ ಇನ್ನೊಂದರಲ್ಲಿ ಗಂಟೆಗಟ್ಟಲೆ ಹಳೆಯದೇ ಓಡುತ್ತಿರುತ್ತದೆ. ರಜೆ ಮುಗಿಸಿ ಬಂದವರು ಆಟೋ ರಿಪ್ಲೈ ನಿಲ್ಲಿಸಿದರೂ ‘ರಜೆಯಲ್ಲಿದ್ದೇನೆ’ ಅಂತ ಉತ್ತರ ಹೋಗುತ್ತಲೇ ಇದೆ. ಎಲ್ಲಿಂದ ಹುಡುಕಲಿ?

ಉತ್ತರ: ನಮ್ಮಲ್ಲೂ ಹೀಗೇ ಆಗಿತ್ತು. ಮೊದಲು ಒಂದು ವಿಷಯ ಗಮನಿಸಿ: ತಡ ಎಲ್ಲರಿಗೂ ಒಂದೇ ರೀತಿ ಇದೆಯಾ? ನಮ್ಮಲ್ಲಿ ದಿನವಿಡೀ ಮೇಲ್ ಬರುವವರ ಸ್ಕ್ರಿಪ್ಟ್ ಬೇಗ ದಾಟುತ್ತಿತ್ತು, ಮೇಲ್ ಅಪರೂಪಕ್ಕೆ ಬರುವವರದ್ದು ಮರುದಿನದವರೆಗೂ ಕಾಯುತ್ತಿತ್ತು. ಗುಟ್ಟು ಸಿಕ್ಕಿದ್ದು ಅಲ್ಲೇ. ಈ ನಕಲು ಮಾಡಿಸುವ ರೆಪ್ಲಿಕೇಟರ್ ತಾನಾಗಿ ಡಿಸ್ಕ್ ನೋಡುತ್ತ ಕೂರುವುದಿಲ್ಲ; ನೋಟಿಫೈ ಮತ್ತು ರೆಪ್ಲಿಕೇಶನ್ ಪ್ಲಗಿನ್‌ಗಳು ‘ಇವರದ್ದು ಬದಲಾಯಿತು’ ಎಂದು ಹೇಳಿದರಷ್ಟೇ ಅದು ಕೂಡಲೇ ಓಡುತ್ತದೆ. ನಾವು ಆ ಪ್ಲಗಿನ್‌ಗಳನ್ನು ಐಮ್ಯಾಪ್ (ಮೇಲ್ ಓದುವ) ಮತ್ತು ಎಲ್‌ಎಂಟಿಪಿ (ಮೇಲ್ ತಲುಪಿಸುವ) ಸೆಟ್ಟಿಂಗ್ ಬ್ಲಾಕ್‌ಗಳಲ್ಲಿ ಮಾತ್ರ ಬರೆದಿದ್ದೆವು. ಸ್ಕ್ರಿಪ್ಟ್ ಉಳಿಸುವುದು ಪೋರ್ಟ್ 4190ರ ಮ್ಯಾನೇಜ್‌ಸೀವ್, ಅದಕ್ಕೆ ಯಾವುದೂ ಸಿಕ್ಕಿರಲಿಲ್ಲ. ಹಾಗಾಗಿ ಸ್ಕ್ರಿಪ್ಟ್ ಮುಂದಿನ ಮೇಲ್ ಬರುವವರೆಗೋ ಫುಲ್ ಸಿಂಕ್ (ಎಲ್ಲವನ್ನೂ ಹೋಲಿಸುವ ನಿಗದಿತ ಸುತ್ತು) ಆಗುವವರೆಗೋ ಅಲ್ಲೇ ಕೂತಿರುತ್ತಿತ್ತು. ಫುಲ್ ಸಿಂಕ್ ಡಿಫಾಲ್ಟ್ ಅವಧಿ 1 ದಿನ.

ಡವ್‌ಕಾನ್ಫ್ (ಸೆಟ್ಟಿಂಗ್ ತೋರಿಸುವ ಆಜ್ಞೆ) ಔಟ್‌ಪುಟ್ ತೆಗೆದು ಪ್ರತಿ ಪ್ರೋಟೋಕಾಲ್ ಬ್ಲಾಕಿನ ಪ್ಲಗಿನ್ ಸಾಲನ್ನೂ ಓದಿ. ಒಂದು ಹಳ್ಳ ಇದೆ, ನಾನೂ ಬಿದ್ದಿದ್ದೇನೆ: ಬ್ಲಾಕಿನೊಳಗೆ ಬರೀ ಹೊಸ ಪ್ಲಗಿನ್ ಹೆಸರು ಬರೆದರೆ ಹೊರಗಿನ ಪಟ್ಟಿ ಪೂರ್ತಿ ಅಳಿಸಿಹೋಗುತ್ತದೆ. ಡಾಲರ್ ಚಿಹ್ನೆಯೊಂದಿಗೆ ಹಳೆಯ ಪಟ್ಟಿಯನ್ನು ಮೊದಲು ಎಳೆದುಕೊಂಡು ಆಮೇಲೆ ಹೊಸದನ್ನು ಸೇರಿಸಬೇಕು. ಸರಿಮಾಡಿದ ಮೇಲೆ ನಮ್ಮಲ್ಲಿ ಕೆಲವೇ ಸೆಕೆಂಡಿನಲ್ಲಿ ದಾಟುತ್ತಿದೆ. ಅಲ್ಲಿಯವರೆಗೆ ತುರ್ತಿಗೆ, ಡವ್‌ಅಡ್ಮ್ (ಡವ್‌ಕಾಟ್‌ನ ನಿರ್ವಹಣಾ ಸಾಧನ) ರೆಪ್ಲಿಕೇಟರ್‌ನ ರೆಪ್ಲಿಕೇಟ್ ಆಜ್ಞೆಯಲ್ಲಿ ಆ ಬಳಕೆದಾರರನ್ನು ಹೈ ಪ್ರಯಾರಿಟಿಗೆ ಹಾಕಿ. ಫುಲ್ ಸಿಂಕ್ ಅವಧಿಯನ್ನು ಒಂದು ಗಂಟೆಗೆ ಇಳಿಸಿ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಪ್ರತಿಯೊಬ್ಬರ ಎಲ್ಲ ಫೋಲ್ಡರ್ ಹೋಲಿಸುವ ಭಾರ ಸರ್ವರ್ ಮೇಲೆ ಬೀಳುತ್ತದೆ, ಕಾರಣವೂ ಮುಚ್ಚಿಹೋಗುತ್ತದೆ.

ಇನ್ನೊಬ್ಬರು: ಮೇಲಿನದು ಸರಿ. ಜೊತೆಗೆ ಎರಡೂ ಸರ್ವರ್‌ಗಳ ಗಡಿಯಾರ ನೋಡಿ. ಒಂದೇ ಸ್ಕ್ರಿಪ್ಟ್ ಎರಡೂ ಕಡೆ ಬದಲಾಗಿದ್ದರೆ ಯಾವುದರ ಸಮಯ ಹೊಸದೋ ಅದು ಗೆಲ್ಲುತ್ತದೆ. ನನ್ನ ಒಂದು ಯಂತ್ರ ಕೆಲವು ನಿಮಿಷ ಮುಂದಿತ್ತು. ಬಳಕೆದಾರರು ಸರಿಪಡಿಸಿದ ಸ್ಕ್ರಿಪ್ಟ್ ಮೇಲೆ ಹಳೆಯದೇ ಬಂದು ಕೂತಿತು. ಅದು ತಡವಲ್ಲ, ಕಳೆದುಹೋದಂತೆ. ಗಡಿಯಾರ ಸರಿಯಾಗಿಡುವ ಕ್ರೋನಿ ಹಾಕಿದ ಮೇಲೆ ಮತ್ತೆ ಆಗಿಲ್ಲ. ಡವ್‌ಅಡ್ಮ್ ಸೀವ್ ಲಿಸ್ಟ್ ಅನ್ನೂ ಎರಡೂ ಕಡೆ ಓಡಿಸಿ, ‘ಆ್ಯಕ್ಟಿವ್’ ಅನ್ನುವ ಗುರುತು ಒಂದೇ ಸ್ಕ್ರಿಪ್ಟ್ ಮುಂದೆ ಇದೆಯಾ ನೋಡಿ. ಫೈಲ್ ಬಂದಿದ್ದೂ ಹಳೆಯದೇ ಚಾಲ್ತಿಯಲ್ಲಿರಬಹುದು.

ಮತ್ತೊಬ್ಬರು: ಬಳಕೆದಾರರ ಸ್ಕ್ರಿಪ್ಟ್‌ಗೆ ಮುಂಚೆ, ನಂತರ ಓಡುವ, ಎಲ್ಲರಿಗೂ ಅನ್ವಯಿಸುವ ‘ಬಿಫೋರ್’, ‘ಆಫ್ಟರ್’ ಸ್ಕ್ರಿಪ್ಟ್‌ಗಳು ಡಿಸಿಂಕ್‌ನಲ್ಲಿ ಹೋಗುವುದಿಲ್ಲ, ನಾವು ಫೈಲ್ ನಕಲಿಸುವ ಆರ್‌ಸಿಂಕ್‌ನಲ್ಲಿ ಕಳಿಸುತ್ತೇವೆ. ಒಮ್ಮೆ ಬ್ಯಾಕಪ್‌ನಿಂದ ಹಳೆಯ ಆವೃತ್ತಿ ತಂದಾಗ ಫೈಲಿನ ತಾರೀಖೂ ಹಳೆಯದೇ ಉಳಿಯಿತು. ಕಂಪೈಲ್ ಆದ ಬೈನರಿ (ಸರ್ವರ್ ಓಡಿಸುವ ರೂಪ) ಅದಕ್ಕಿಂತ ಹೊಸದಾಗಿದ್ದರಿಂದ, ಕಿತ್ತುಹಾಕಿದ ನಿಯಮವೇ ಓಡುತ್ತಿತ್ತು. ಈಗ ಕಳಿಸಿದ ಪ್ರತಿ ಸಲವೂ ಸ್ಕ್ರಿಪ್ಟ್ ಕಂಪೈಲ್ ಮಾಡುವ ಸೀವ್‌ಸಿ ಓಡಿಸುತ್ತೇವೆ. ಅಂದಹಾಗೆ 2.4ರಲ್ಲಿ ರೆಪ್ಲಿಕೇಟರನ್ನೇ ತೆಗೆದಿದ್ದಾರೆ, ಅಪ್‌ಗ್ರೇಡ್ ಯೋಚನೆಯಿದ್ದರೆ ಈಗಲೇ ಬೇರೆ ದಾರಿ ನೋಡಿ.

ಕೇಳಿದವರು: ತಪ್ಪು ಮ್ಯಾನೇಜ್‌ಸೀವ್ ಬ್ಲಾಕಿನಲ್ಲೇ ಇತ್ತು! ಡಾಲರ್ ಸಾಲು ಇರಲಿಲ್ಲ. ಸೇರಿಸಿ, ಮೇಲೇ ಬಾರದ ಒಂದು ಖಾತೆಯಲ್ಲಿ ಸ್ಕ್ರಿಪ್ಟ್ ಬದಲಿಸಿ ನೋಡಿದೆ. ಎರಡನೇ ಸರ್ವರ್‌ನಲ್ಲಿ ಲಿಸ್ಟ್ ತೆಗೆಯುವಷ್ಟರಲ್ಲಿ ಬಂದಿತ್ತು. ಗಡಿಯಾರಗಳಲ್ಲಿ ವ್ಯತ್ಯಾಸವಿಲ್ಲ. ಬಿಫೋರ್ ಸ್ಕ್ರಿಪ್ಟ್‌ಗಳನ್ನು ಇಂದು ರಾತ್ರಿ ಹೋಲಿಸುತ್ತೇನೆ.