ಅಪ್‌ಡೇಟ್: ಫೈಲ್ ಕಳಿಸೋ ಸಮಸ್ಯೆ ಬಗೆಹರೀತು, ಕ್ರಾಕ್‌ನಿಂದ್ಲೇ ಕೆಲಸ ಆಯ್ತು
ನನ್ನ ಉಬುಂಟು ಲ್ಯಾಪ್‌ಟಾಪಿಂದ ಊರಲ್ಲಿರೋ ತಮ್ಮನ ವಿಂಡೋಸ್ ಪಿಸಿಗೆ ಮದುವೆ ವಿಡಿಯೋ ಫೋಲ್ಡರ್ ಕಳಿಸೋದು ಹೇಗೆ ಅಂತ ಕೇಳಿದ್ನಲ್ಲ, ನೀವು ಹೇಳಿದ ಕ್ರಾಕ್ (croc, ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಫೈಲ್ ಕಳಿಸೋ ಪ್ರೋಗ್ರಾಂ) ಹಾಕಿ ನೋಡ್ದೆ, ಕೆಲಸ ಆಯ್ತು. ಇಲ್ಲಿ ಟರ್ಮಿನಲ್‌ನಲ್ಲಿ ಕ್ರಾಕ್ ಸೆಂಡ್ ಅಂತ ಹೊಡೆದು ಫೋಲ್ಡರ್ ಹೆಸರು ಕೊಟ್ರೆ ಒಂದು ನಂಬರ್, ಕೆಲವು ಪದ ಸೇರಿರೋ ಕೋಡ್ ಬರುತ್ತೆ, ಅದನ್ನ ಫೋನಲ್ಲಿ ಓದಿ ಹೇಳ್ದೆ, ಅವನು ಕ್ರಾಕ್ ಅಂತ ಟೈಪ್ ಮಾಡಿ ಆ ಕೋಡ್ ಹಾಕ್ದ, ಅಷ್ಟೇ. ಹೊರಗಿನ ಕನೆಕ್ಷನ್ ಒಳಗೆ ಬರೋಕೆ ರೂಟರಲ್ಲಿ ಪೋರ್ಟ್ ಓಪನ್ ಮಾಡೋದೂ ಬೇಕಾಗಿಲ್ಲ, ನಡುವೆ ರಿಲೇ ಸರ್ವರ್ (ಈ ಕಡೆಯಿಂದ ಬಂದಿದ್ದನ್ನ ಆ ಕಡೆಗೆ ದಾಟಿಸೋ ಕಂಪ್ಯೂಟರ್) ಇರುತ್ತೆ, ಆದ್ರೆ ಫೈಲ್ ಎನ್‌ಕ್ರಿಪ್ಟ್ ಆಗೇ ಹೋಗೋದ್ರಿಂದ ಅದಕ್ಕೆ ಒಳಗಿರೋದು ಕಾಣಲ್ಲ. ಮಧ್ಯ ಕರೆಂಟ್ ಹೋಯ್ತು, ಮತ್ತೆ ಕಳಿಸ್ದಾಗ ನಿಂತಲ್ಲಿಂದ್ಲೇ ಮುಂದುವರೀತು, ನಂಗೆ ತುಂಬಾ ಇಷ್ಟ ಆಗಿದ್ದು ಇದೇ. ಎರಡೂ ಕಡೆ ಕ್ರಾಕ್‌ನ ಹೊಸ ವರ್ಷನ್ನೇ ಇರ್ಲಿ. ಹೇಳಿಕೊಟ್ಟೋರಿಗೆಲ್ಲ ತುಂಬಾ ಥ್ಯಾಂಕ್ಸ್.