ಹುಡುಗಿಯರಲ್ಲಿ ಅಂಡಾಶಯ ತಿರುಚಿಕೊಂಡರೆ: ಡಾಪ್ಲರ್‌ನಲ್ಲಿ ರಕ್ತ ಹರಿದರೆ ನಿಶ್ಚಿಂತೆಯೇ?

ಪ್ರಶ್ನೆ (ತಾಲೂಕು ಆಸ್ಪತ್ರೆಯ ವೈದ್ಯೆ): ನಮಸ್ಕಾರ ಸರ್. ಹನ್ನೊಂದು ವರ್ಷದ ಹುಡುಗಿ, ಇನ್ನೂ ಋತುಮತಿಯಾಗಿಲ್ಲ. ಮಧ್ಯಾಹ್ನ ಇದ್ದಕ್ಕಿದ್ದಂತೆ ಬಲಗಡೆ ಕಿಬ್ಬೊಟ್ಟೆ ನೋವು ಶುರುವಾಗಿದೆ, ಬಿಟ್ಟು ಬಿಟ್ಟು ಬರುತ್ತಿದೆ, ನಾಲ್ಕು ಸಲ ವಾಂತಿ. ಜ್ವರವಿಲ್ಲ, ಬಿಳಿ ರಕ್ತಕಣ 9,800. ಸ್ಕ್ಯಾನ್‌ನಲ್ಲಿ ಬಲ ಅಂಡಾಶಯ 5.5 × 4 × 3.8 ಸೆಂ.ಮೀ., ಎಡ 2.5 × 1.5 × 1.4 ಸೆಂ.ಮೀ. 'ಎರಡರಲ್ಲೂ ರಕ್ತ ಹರಿವಿದೆ, ಟಾರ್ಷನ್ (ಅಂಡಾಶಯದ ತಿರುಚು) ಇಲ್ಲ' ಅಂತ ರಿಪೋರ್ಟ್. ಅಪೆಂಡಿಕ್ಸ್ ಕಾಣಿಸಿಲ್ಲವಂತೆ. ಬೆಳಗಿನವರೆಗೆ ನೋಡಬಹುದಾ?

ಉತ್ತರ (ಮಕ್ಕಳ ಶಸ್ತ್ರಚಿಕಿತ್ಸಕರು): ಬೇಡ ಮೇಡಂ, ಈಗಲೇ ಕಳಿಸಿ. ರಿಪೋರ್ಟಿನ ಕೊನೆಯ ಸಾಲನ್ನು ಬಿಟ್ಟು ಅಳತೆಗಳನ್ನು ನೋಡಿ. ಮೂರು ಅಳತೆಗಳನ್ನು ಗುಣಿಸಿ 0.52ರಿಂದ ಗುಣಿಸಿದರೆ ಅಂಡಾಶಯದ ಗಾತ್ರ ಸಿಗುತ್ತದೆ. ಬಲಗಡೆ ಸುಮಾರು 43 ಮಿ.ಲೀ., ಎಡಗಡೆ 3 ಮಿ.ಲೀ.ಗಿಂತ ಕಡಿಮೆ. ಒಂದೇ ಮಗುವಿನ ಎರಡು ಅಂಡಾಶಯಗಳ ನಡುವೆ ಹದಿನೈದು ಪಟ್ಟಿಗೂ ಮಿಕ್ಕಿದ ವ್ಯತ್ಯಾಸ, ಜೊತೆಗೆ ಹಠಾತ್ ನೋವು ಮತ್ತು ವಾಂತಿ. ಇದು ಬೇರೆಯೇನೋ ಅಂತ ಸಾಬೀತಾಗುವವರೆಗೆ ಟಾರ್ಷನ್ ಎಂದೇ ನಡೆದುಕೊಳ್ಳಬೇಕು.

ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಸ್ಕ್ಯಾನ್ ಯಾಕೆ ಮೋಸ ಮಾಡುತ್ತದೆ ಅಂದರೆ, ಅಂಡಾಶಯಕ್ಕೆ ರಕ್ತ ಎರಡು ದಾರಿಯಲ್ಲಿ ಬರುತ್ತದೆ: ಮಹಾಪಧಮನಿಯಿಂದ ಇಳಿಯುವ ಓವೇರಿಯನ್ ಆರ್ಟರಿ ಒಂದು, ಗರ್ಭಕೋಶದ ಕಡೆಯಿಂದ ಬರುವ ಯೂಟರೈನ್ ಆರ್ಟರಿಯ ಕವಲು ಇನ್ನೊಂದು. ಈ ರಕ್ತನಾಳಗಳಿರುವ ಅಂಡಾಶಯದ ತೊಟ್ಟು ತಿರುಚಿದಾಗ ಮೊದಲು ಅಮುಕಿಹೋಗುವುದು ತೆಳು ಗೋಡೆಯ ಅಭಿಧಮನಿ ಮತ್ತು ಲಿಂಫ್ ನಾಳಗಳು. ದಪ್ಪ ಗೋಡೆಯ ಅಪಧಮನಿ ಇನ್ನೂ ತೆರೆದೇ ಇರುತ್ತದೆ. ರಕ್ತ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ, ಅಂಡಾಶಯ ಊದಿಕೊಳ್ಳುತ್ತದೆ. ಆ ಹೊತ್ತಿಗೆ ಸ್ಕ್ಯಾನ್ ಮಾಡಿದರೆ ಬಣ್ಣ ಚೆನ್ನಾಗಿಯೇ ಕಾಣುತ್ತದೆ. ಸಾಲದ್ದಕ್ಕೆ ಕೆಲವರಲ್ಲಿ ಅದು ತಿರುಚಿ, ತಾನೇ ಬಿಚ್ಚಿಕೊಂಡು, ಮತ್ತೆ ತಿರುಚುತ್ತದೆ. ನೋವು ಬಂದು ಹೋಗುವುದಕ್ಕೆ ಇದೂ ಒಂದು ಕಾರಣ. ಹರೆಯದವರ ಟಾರ್ಷನ್ ಬಗ್ಗೆ ಅಮೆರಿಕದ ಸ್ತ್ರೀರೋಗ ತಜ್ಞರ ಕಾಲೇಜು 2019ರಲ್ಲಿ ಕೊಟ್ಟ ಮಾರ್ಗಸೂಚಿಯೂ ಡಾಪ್ಲರ್ ಒಂದನ್ನೇ ನಂಬಿ ತೀರ್ಮಾನಿಸಬೇಡಿ ಎಂದಿದೆ.

ಬಿಳಿ ರಕ್ತಕಣ ಸರಿಯಿದೆ, ಜ್ವರವಿಲ್ಲ ಅನ್ನುವುದರಲ್ಲೂ ಸಮಾಧಾನವಿಲ್ಲ. ಮೊದಲ ಗಂಟೆಗಳಲ್ಲಿ ಎರಡೂ ಸಹಜವಾಗಿಯೇ ಇರಬಹುದು.

ಕಳಿಸುವ ಮುಂಚೆ: ಬಾಯಿಗೆ ಏನೂ ಬೇಡ, ಕೊನೆಯ ಊಟದ ಸಮಯ ಬರೆಯಿರಿ. ಐವಿ ಲೈನ್ ಹಾಕಿ, ಪ್ಯಾರಾಸಿಟಮಾಲ್ ಕೆ.ಜಿ.ಗೆ 15 ಮಿ.ಗ್ರಾಂ., ವಾಂತಿಗೆ ಒಂಡಾನ್ಸೆಟ್ರಾನ್ ಕೆ.ಜಿ.ಗೆ 0.1 ಮಿ.ಗ್ರಾಂ. ಕೊಡಿ. ನೋವಿನ ಔಷಧಿ ಕೊಟ್ಟರೆ ರೋಗ ಮುಚ್ಚಿಹೋಗುತ್ತದೆ ಎಂಬ ಹಳೆಯ ಭಯಕ್ಕೆ ಆಧಾರವಿಲ್ಲ, ಮಗುವನ್ನು ನರಳಲು ಬಿಡಬೇಡಿ. ದೊಡ್ಡಾಸ್ಪತ್ರೆಗೆ ಫೋನ್ ಮಾಡುವಾಗ 'ಹೊಟ್ಟೆನೋವಿನ ಕೇಸು' ಅನ್ನಬೇಡಿ. 'ಟಾರ್ಷನ್ ಸಂಶಯ, 43ಕ್ಕೆ 3 ಮಿ.ಲೀ., ಇಷ್ಟು ಗಂಟೆಯಿಂದ ನೋವು' ಅಂತ ಹೇಳಿ. ಆಗ ಅಲ್ಲಿ ಥಿಯೇಟರ್ ತಯಾರಾಗುತ್ತದೆ.

ಪ್ರಶ್ನೆ (ಸೋನಾಲಜಿಸ್ಟ್, ಅಂದರೆ ಸ್ಕ್ಯಾನ್ ಮಾಡುವ ವೈದ್ಯರು): ಇಷ್ಟು ಚಿಕ್ಕವರಲ್ಲಿ ಹೊಟ್ಟೆಯ ಮೇಲಿಂದಲೇ ನೋಡಬೇಕು, ಮೂತ್ರಕೋಶ ಖಾಲಿ ಇದ್ದರೆ ಏನೂ ಕಾಣುವುದಿಲ್ಲ. ನೀರು ಕುಡಿಸಿದರೆ ಅರಿವಳಿಕೆಯವರು ಬೈಯುತ್ತಾರೆ. ರಿಪೋರ್ಟಿನಲ್ಲಿ ನಿಮಗೆ ಏನೇನು ಬೇಕು?

ಉತ್ತರ: ನೀರು ಕುಡಿಸಬೇಡಿ. ಐವಿ ಸಲೈನ್ ಕೆ.ಜಿ.ಗೆ 20 ಮಿ.ಲೀ. ಕೊಟ್ಟರೆ ಮೂತ್ರಕೋಶ ತುಂಬಿಕೊಳ್ಳುತ್ತದೆ, ವಾಂತಿಯಿಂದ ಬಳಲಿದ ಮಗುವಿಗೆ ಅದು ಹೇಗೂ ಬೇಕು. ಅಷ್ಟು ಹೊತ್ತೂ ಇಲ್ಲವೆಂದರೆ ಸಣ್ಣ ಕ್ಯಾಥಿಟರ್‌ನಲ್ಲಿ ಸಲೈನ್ ತುಂಬಿಸಬಹುದು.

ಎರಡೂ ಅಂಡಾಶಯಗಳ ಮೂರೂ ಅಳತೆ ಬೇಕೇ ಬೇಕು. ನೋವಿಲ್ಲದ ಕಡೆಯದನ್ನು ಬಿಟ್ಟರೆ ಹೋಲಿಸಲು ಏನೂ ಉಳಿಯುವುದಿಲ್ಲ. ಊದಿದ ಅಂಡಾಶಯದ ಅಂಚಿನಲ್ಲಿ ಅಂಡಾಣು ಬೆಳೆಯುವ ಪುಟ್ಟ ಕೋಶಗಳು (ಫಾಲಿಕಲ್) ಮಣಿಸರದಂತೆ ಸಾಲಾಗಿವೆಯೇ, ಅಂಡಾಶಯ ತನ್ನ ಜಾಗ ಬಿಟ್ಟು ನಡುವಿಗೆ ಬಂದು ಗರ್ಭಕೋಶದ ಮೇಲೋ ಹಿಂದೋ ಕೂತಿದೆಯೇ, ಗರ್ಭಕೋಶ ಆ ಕಡೆಗೆ ಎಳೆದುಕೊಂಡಿದೆಯೇ, ಸುತ್ತ ನೀರಿದೆಯೇ ಎಂದೂ ಬರೆಯಿರಿ. ಪ್ರೋಬನ್ನು ಅಂಡಾಶಯದ ಮೇಲೇ ನಿಲ್ಲಿಸದೆ ಅದಕ್ಕೂ ಗರ್ಭಕೋಶಕ್ಕೂ ನಡುವಿನ ತೊಟ್ಟಿನ ಉದ್ದಕ್ಕೂ ನಿಧಾನವಾಗಿ ಸರಿಸಿ. ರಕ್ತನಾಳಗಳು ಸುಳಿಯಂತೆ ಸುತ್ತಿಕೊಂಡಿರುವುದು ಕಂಡರೆ ಅದಕ್ಕಿಂತ ಬಲವಾದ ಸಾಕ್ಷ್ಯ ಸ್ಕ್ಯಾನ್‌ನಲ್ಲಿ ಸಿಗುವುದು ಕಷ್ಟ.

ಇನ್ನೊಂದು ಮಾತು. ಋತುಮತಿಯಾಗದ ಮಕ್ಕಳ ಆರೋಗ್ಯವಂತ ಅಂಡಾಶಯದಲ್ಲೂ ಕೆಲವೊಮ್ಮೆ ಡಾಪ್ಲರ್ ಬಣ್ಣ ಹಿಡಿಯುವುದಿಲ್ಲ. ಸ್ಕೇಲ್ ಮತ್ತು ಫಿಲ್ಟರ್ ಕಡಿಮೆ ಮಾಡಿ, ಅದೇ ಸೆಟ್ಟಿಂಗ್‌ನಲ್ಲಿ ಎರಡೂ ಕಡೆ ನೋಡಿ. 'ಟಾರ್ಷನ್ ಇಲ್ಲ' ಎಂಬ ಸಾಲಿನ ಬದಲು 'ಹರಿವಿದೆ, ಆದರೂ ಟಾರ್ಷನ್ ತಳ್ಳಿಹಾಕಲಾಗದು' ಎಂದು ಬರೆದರೆ ರಾತ್ರಿ ಡ್ಯೂಟಿಯಲ್ಲಿರುವ ವೈದ್ಯರಿಗೆ ದಾರಿ ಸಿಗುತ್ತದೆ.

ಪ್ರಶ್ನೆ (ಖಾಸಗಿ ಕ್ಲಿನಿಕ್ ವೈದ್ಯರು): ಸಂಶಯ ಉಳಿದರೆ ಸಿಟಿ ಮಾಡಿಸಲೇ?

ಉತ್ತರ: ಟಾರ್ಷನ್‌ಗೆಂದೇ ಬೇಡ. ಮಗುವಿಗೆ ವಿಕಿರಣ, ಜೊತೆಗೆ ಸಮಯ ನಷ್ಟ. ಅಪೆಂಡಿಕ್ಸ್‌ಗಾಗಿ ಈಗಾಗಲೇ ಮಾಡಿಸಿದ್ದರೆ ಅದರಲ್ಲೇ ಅಂಡಾಶಯಗಳ ಗಾತ್ರ ಹೋಲಿಸಿ. ಪಕ್ಕದಲ್ಲೇ ಎಂಆರ್‌ಐ ಇದ್ದು ತಕ್ಷಣ ಆಗುವುದಾದರೆ ಸರಿ, ಅದಕ್ಕಾಗಿ ಕಾಯುವುದು ಬೇಡ. ಖಚಿತ ಉತ್ತರ ಸಿಗುವುದು ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ರಂಧ್ರದಿಂದ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವುದು) ಮಾತ್ರ. ಕೆಲವರಲ್ಲಿ ಒಳಗೆ ನೋಡಿದಾಗ ಟಾರ್ಷನ್ ಇರುವುದಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಒಂದು ಅಂಡಾಶಯ ಕಳೆದುಕೊಳ್ಳುವುದಕ್ಕಿಂತ ಅದು ವಾಸಿ. ಹಾಂ, ಋತುಮತಿಯಾದವರಲ್ಲಿ ಮೂತ್ರದ ಗರ್ಭಪರೀಕ್ಷೆ ಬಿಡಬೇಡಿ, ಹುಡುಗಿಯನ್ನು ಒಬ್ಬಳನ್ನೇ ಕೂರಿಸಿ ಮಾತಾಡಿಸಿ.

ಪ್ರಶ್ನೆ (ತಾಯಿ): ಡಾಕ್ಟ್ರೇ, ನನ್ನ ಮಗಳಿಗೆ ಹದಿನಾಲ್ಕು. ಮುಟ್ಟಿನ ನೋವು ಪ್ರತಿ ತಿಂಗಳೂ ಇರುತ್ತೆ. ಇದು ಬೇರೆ ಅಂತ ನಮಗೆ ಗೊತ್ತಾಗೋದು ಹೇಗೆ?

ಉತ್ತರ: ಮುಟ್ಟಿನ ನೋವು ಸಾಮಾನ್ಯವಾಗಿ ಹೊಟ್ಟೆಯ ನಡುವಲ್ಲಿ, ಸ್ರಾವದ ಜೊತೆಗೇ ಬರುತ್ತದಮ್ಮಾ, ಮತ್ತು ಅವಳಿಗೆ ಅದರ ಪರಿಚಯ ಇರುತ್ತದೆ. ಮುಟ್ಟಿನ ದಿನವಲ್ಲದಾಗ ಒಂದೇ ಪಕ್ಕದಲ್ಲಿ ಥಟ್ಟನೆ ಹಿಡಿದು, ಜೊತೆಗೆ ವಾಂತಿಯೂ ಶುರುವಾದರೆ, ಅಥವಾ 'ಇದು ಯಾವಾಗಿನ ಹಾಗಿಲ್ಲ' ಅಂತ ಅವಳೇ ಹೇಳಿದರೆ, ಅದೇ ದಿನ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಬಟ್ಟಿ ಬಿದ್ದಿದೆ ಅಂತ ಹೊಟ್ಟೆ ತಿಕ್ಕಿಸಬೇಡಿ. ಗಂಟೆಗಟ್ಟಲೆ ಕಳೆದುಹೋಗುತ್ತದೆ. ನೋವು ತಾನಾಗಿ ನಿಂತರೂ ತೋರಿಸಿ.

ಪ್ರಶ್ನೆ (ಸ್ತ್ರೀರೋಗ ವಿಭಾಗದ ಪಿಜಿ ವಿದ್ಯಾರ್ಥಿನಿ): ಒಳಗೆ ನೋಡಿದಾಗ ಅಂಡಾಶಯ ಕಪ್ಪಾಗಿದ್ದರೆ ತೆಗೆಯಬೇಕಲ್ಲವೇ ಸರ್? ಬಿಚ್ಚಿದರೆ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗುತ್ತದೆ ಅನ್ನುತ್ತಾರೆ.

ಉತ್ತರ: ಆ ಭಯವನ್ನು ಅನುಭವ ಸಮರ್ಥಿಸಿಲ್ಲ. ಕಪ್ಪು ಬಣ್ಣ ಹೆಚ್ಚಾಗಿ ಸಿಕ್ಕಿಹಾಕಿಕೊಂಡ ರಕ್ತದ್ದು, ಕೊಳೆತದ್ದರ ಗುರುತಲ್ಲ. ತಿರುಚು ಬಿಚ್ಚಿದ ಮೇಲೆ ಹತ್ತು ನಿಮಿಷದಲ್ಲಿ ಬಣ್ಣ ಬದಲಾಗದಿದ್ದರೂ ವಾರಗಳ ನಂತರ ಅದೇ ಅಂಡಾಶಯದಲ್ಲಿ ಹೆಚ್ಚಿನವರಿಗೆ ಹೊಸ ಫಾಲಿಕಲ್‌ಗಳು ಕಾಣುತ್ತವೆ. ಬಿಚ್ಚಿ, ಬಿಟ್ಟುಬಿಡಿ. ಮುಟ್ಟಿದರೆ ಮುದ್ದೆಯಾಗಿ ಉದುರಿ ಬರುವಂತಿದ್ದರೆ ಮಾತ್ರ ತೆಗೆಯುವ ಮಾತು. ಇಷ್ಟು ಗಂಟೆ ದಾಟಿದರೆ ಉಳಿಯುವುದೇ ಇಲ್ಲ ಎಂಬ ಗೆರೆಯೂ ಇಲ್ಲ, ತಡವಾಗಿ ಬಂದವರನ್ನೂ ಥಿಯೇಟರಿಗೆ ಒಯ್ಯಿರಿ. ಊದಿದ ಅಂಡಾಶಯದಲ್ಲಿ ಸಿಸ್ಟ್ (ನೀರುಗುಳ್ಳೆ) ಬಿಡಿಸಲು ಹೋದರೆ ಒಳ್ಳೆಯ ಅಂಗಾಂಶವೂ ಹರಿದು ಬರುತ್ತದೆ. ಆಗ ಬಿಚ್ಚಿ ಮಾತ್ರ ಬಂದು, 6ರಿಂದ 12 ವಾರದೊಳಗೆ ಸ್ಕ್ಯಾನ್ ಮಾಡಿ ನೋಡಿ. ಸಿಸ್ಟ್ ಹಾಗೇ ಉಳಿದಿದ್ದರೆ ಆಗ ನಿಧಾನವಾಗಿ ತೆಗೆಯಬಹುದು. ಗಟ್ಟಿ ಗಡ್ಡೆ ಕಂಡರೆ ಕ್ಯಾನ್ಸರ್ ಸುಳಿವು ಕೊಡುವ ಪರೀಕ್ಷೆಗಳಾದ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್‌ಗೆ ರಕ್ತ ತೆಗೆದಿಡಿ, ಫಲಿತಾಂಶಕ್ಕಾಗಿ ಶಸ್ತ್ರಚಿಕಿತ್ಸೆ ತಡೆಯಬೇಡಿ. ಡಿಸ್ಚಾರ್ಜ್ ಚೀಟಿಯಲ್ಲಿ ಆ ಸ್ಕ್ಯಾನಿನ ತಾರೀಖು ಬರೆದುಕೊಡಿ, ಜೊತೆಗೆ ಅದೇ ಥರದ ನೋವು ಮತ್ತೆ ಬಂದರೆ ನೇರ ತುರ್ತು ವಿಭಾಗಕ್ಕೆ ಬರಬೇಕೆಂದು ಕನ್ನಡದಲ್ಲೇ ಬರೆಯಿರಿ.